ಬೆಂಗಳೂರಿನ ಫ್ಲ್ಯಾಟಿಗೆ ಕೈಗೆಟುಕುವ ಸರೌಂಡ್ ಸೌಂಡ್: ಹಾಲ್ ಅಳೆಯುವುದರಿಂದ ವಾಲ್ಯೂಮ್ ಗೊತ್ತು ಮಾಡುವವರೆಗೆ

ಸ್ಪೀಕರ್ ಕೊಳ್ಳಲು ಹೊರಟವರು ಅಂಗಡಿಯಲ್ಲಿ ಮೊದಲು ಕೇಳುವುದು ‘ಎಷ್ಟು ವ್ಯಾಟು?’ ಅಂತ. ಫ್ಲ್ಯಾಟಿನಲ್ಲಿ ಇರುವವರಿಗೆ ಅದಕ್ಕಿಂತ ಮುಖ್ಯವಾದ ಪ್ರಶ್ನೆಗಳು ಮನೆಯಲ್ಲೇ ಇವೆ. ಸೋಫಾದ ಹಿಂದೆ ಪ್ಲಗ್ ಪಾಯಿಂಟ್ ಇದೆಯೇ? ಗೋಡೆಗೆ ಡ್ರಿಲ್ ಹಾಕಿದರೆ ಓನರ್ ಸುಮ್ಮನಿರುತ್ತಾರೆಯೇ? ಕೆಳಗಿನ ಮನೆಯಲ್ಲಿ ಒಂಬತ್ತಕ್ಕೇ ಮಲಗುವ ಮಗುವಿದೆಯೇ? ಇವುಗಳಿಗೆ ಉತ್ತರ ಸಿಕ್ಕರೆ ಅರ್ಧ ಆಯ್ಕೆ ಮುಗಿದಂತೆ.

ಎರಡು ಅಥವಾ ಮೂರು ಬೆಡ್‌ರೂಮಿನ ಫ್ಲ್ಯಾಟಿನಲ್ಲಿದ್ದು, 15 ಸಾವಿರದಿಂದ 80 ಸಾವಿರ ರೂಪಾಯಿಯೊಳಗೆ ಕೆಲಸ ಮುಗಿಸಬೇಕು ಅನ್ನುವವರಿಗೆ ಈ ಬರಹ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ನಮ್ಮ ಹಾಲ್‌ಗಳಲ್ಲಿ ಹಣ ಮೊದಲು ಹೋಗಬೇಕಾದದ್ದು ಮಾತು ಕೇಳಿಸುವ ಸೆಂಟರ್ ಸ್ಪೀಕರ್‌ಗೆ, ಆಮೇಲೆ ಹಿಂದಿನ ಎರಡು ಸ್ಪೀಕರ್‌ಗೆ ಸರಿಯಾದ ಜಾಗ ಮಾಡಿಕೊಡುವುದಕ್ಕೆ, ಕೊನೆಗೆ ಬಾಸ್ ಕೊಡುವ ಸಬ್‌ವೂಫರ್‌ಗೆ. ಮಾರುಕಟ್ಟೆಯಲ್ಲಿ ಮಾರುವುದು ಇದನ್ನು ತಲೆಕೆಳಗು ಮಾಡಿ: ಧಡ್ ಧಡ್ ಅನ್ನುವ ಬಾಸ್ ಮೊದಲು, ಮಾತು ಕೊನೆಗೆ. ಮನೆಗೆ ತಂದ ಮೇಲೆ ‘ಡೈಲಾಗೇ ಕೇಳಿಸಲ್ಲ ಮಾರಾಯ, ಫೈಟ್ ಬಂದರೆ ಕಿವಿ ಕಿತ್ತುಹೋಗುತ್ತೆ’ ಅನ್ನುವ ಗೋಳು ಶುರುವಾಗುವುದು ಅದಕ್ಕೇ.

ಗೊತ್ತಿಲ್ಲದವರಿಗೆ ಎರಡು ಸಾಲು. 5.1 ಅಂದರೆ ಮುಂದೆ ಎಡ, ಬಲ, ನಡುವೆ ಸೆಂಟರ್. ಪಕ್ಕದಲ್ಲಿ ಅಥವಾ ತುಸು ಹಿಂದೆ ಎರಡು ಸರೌಂಡ್. ಆ ‘ಪಾಯಿಂಟ್ ಒಂದು’ ಸಬ್‌ವೂಫರ್. 3.1ರಲ್ಲಿ ಹಿಂದಿನ ಎರಡು ಇರುವುದಿಲ್ಲ. 5.1.2 ಅಂದರೆ ತಲೆಯ ಮೇಲಿಂದ ಸದ್ದು ಬರಿಸುವ ಇನ್ನೆರಡು, ಅಂದರೆ ಅಟ್ಮಾಸ್.

ಹೆಜ್ಜೆ 1: ಟೇಪು ಹಿಡಿದು ಹಾಲ್ ಅಳೆಯಿರಿ

ಕಾಗದದ ಮೇಲೆ ಹಾಲ್‌ನ ನಕ್ಷೆ ಬರೆಯಿರಿ. ಉದ್ದ, ಅಗಲ, ಟಿವಿಯಿಂದ ಸೋಫಾಕ್ಕೆ ಎಷ್ಟು ಅಡಿ, ಪ್ಲಗ್ ಪಾಯಿಂಟ್ ಎಲ್ಲೆಲ್ಲಿ, ಬಾಲ್ಕನಿ ಬಾಗಿಲು ಯಾವ ಕಡೆ, ಡೈನಿಂಗ್ ಜಾಗ ಯಾವ ಕಡೆ ತೆರೆದುಕೊಂಡಿದೆ, ಎಲ್ಲ ಇರಲಿ.

ಇಲ್ಲಿನ ಫ್ಲ್ಯಾಟುಗಳಲ್ಲಿ ಸಾಮಾನ್ಯವಾಗಿ ಕಾಣುವುದು 11 ಅಡಿ ಅಗಲದ ಹಾಲ್, ಒಂದು ಪಕ್ಕ ಡೈನಿಂಗ್‌ಗೆ ತೆರೆದದ್ದು, ಸೋಫಾ ಹಿಂದಿನ ಗೋಡೆಗೆ ಒತ್ತಿಕೊಂಡದ್ದು. ಸೋಫಾ ಗೋಡೆಗೆ ತಾಗಿದ್ದರೆ ಬೆನ್ನ ಹಿಂದೆ ಸ್ಪೀಕರ್ ಇಡುವ ಪ್ರಶ್ನೆಯೇ ಇಲ್ಲ, ಆದ್ದರಿಂದ ಬೆನ್ನ ಹಿಂದೆ ಇನ್ನೆರಡು ಸ್ಪೀಕರ್ ಬೇಡುವ 7.1ರ ಆಸೆ ಅಲ್ಲಿಗೇ ಬಿಡಿ. 5.1ಕ್ಕೆ ಮಾತ್ರ ಇದು ಅಡ್ಡಿಯೇ ಅಲ್ಲ. ಅದರ ಸರೌಂಡ್ ಸ್ಪೀಕರ್‌ಗಳ ಸರಿಯಾದ ಜಾಗ ಕೇಳುವವರ ಬೆನ್ನ ಹಿಂದಲ್ಲ, ಪಕ್ಕದಲ್ಲಿ ತುಸು ಹಿಂದಕ್ಕೆ. ಲೆಕ್ಕದಲ್ಲಿ ಹೇಳುವುದಾದರೆ, ಟಿವಿಯ ನೇರವನ್ನು ಸೊನ್ನೆ ಅಂತಿಟ್ಟುಕೊಂಡರೆ 100ರಿಂದ 120 ಡಿಗ್ರಿ ಕೋನದಲ್ಲಿ. ಸೋಫಾವನ್ನು ಗೋಡೆಯಿಂದ ಒಂದಡಿ ಮುಂದಕ್ಕೆ ಎಳೆಯಲು ಮನೆಯವರು ಒಪ್ಪಿದರೆ ಇನ್ನೂ ಒಳ್ಳೆಯದು. ಗೋಡೆಗೆ ಅಂಟಿ ಕೂತಾಗ ಬಾಸ್ ದಪ್ಪವಾಗಿ, ಗುಂಯ್ ಅನ್ನುವಂತೆ ಕೇಳುತ್ತದೆ.

ಈಗ ಹಾಲ್ ನಡುವೆ ನಿಂತು ಒಂದು ಚಪ್ಪಾಳೆ ಹೊಡೆಯಿರಿ. ವಿಟ್ರಿಫೈಡ್ ಟೈಲ್ಸ್ ನೆಲ, ಬೋಳು ಗೋಡೆ, ಗಾಜಿನ ಸ್ಲೈಡಿಂಗ್ ಬಾಗಿಲು ಇರುವ ಮನೆಯಲ್ಲಿ ಚಪ್ಪಾಳೆಯ ಬಾಲಕ್ಕೆ ‘ಟಿರ್‌ರ್’ ಅನ್ನುವ ಲೋಹದಂಥ ಸದ್ದು ಅಂಟಿಕೊಂಡು ಬರುತ್ತದೆ. ಎದುರುಬದುರು ಗೋಡೆಗಳ ನಡುವೆ ಸದ್ದು ಪುಟಿಯುತ್ತಿರುವ ಗುರುತು ಅದು. ಈ ಹಾಲ್‌ನಲ್ಲಿ ಲಕ್ಷ ರೂಪಾಯಿಯ ಸ್ಪೀಕರ್ ಇಟ್ಟರೂ ಮಾತು ಕಲಸುಮೇಲೋಗರವೇ. ಟಿವಿ ಮತ್ತು ಸೋಫಾದ ನಡುವೆ ದಪ್ಪನೆಯ ಒಂದು ರತ್ನಗಂಬಳಿ, ಗಾಜಿನ ಬಾಗಿಲಿಗೆ ನೆಲ ಮುಟ್ಟುವ ಭಾರದ ಪರದೆ, ಒಂದು ಗೋಡೆಗೆ ಪುಸ್ತಕ ತುಂಬಿದ ಕಪಾಟು ಬಂದರೆ ವ್ಯತ್ಯಾಸ ನಿಮಗೇ ಕೇಳುತ್ತದೆ. ಸ್ಪೀಕರ್ ಬಜೆಟ್ಟಿನಿಂದ ಐದಾರು ಸಾವಿರ ಇದಕ್ಕೆ ತೆಗೆದಿಡಿ. ನಾನು ಸಲಹೆ ಕೊಟ್ಟವರಲ್ಲಿ ಹೆಚ್ಚಿನವರು ಇದನ್ನು ಕೇಳಿ ನಕ್ಕಿದ್ದಾರೆ, ಗಂಬಳಿ ಹಾಸಿದ ಮೇಲೆ ನಕ್ಕವರು ಕಡಿಮೆ.

ಬಾಡಿಗೆ ಮನೆಯವರಿಗೆ ಇನ್ನೊಂದು ಮಾತು. ಅಗ್ರಿಮೆಂಟಿನಲ್ಲಿ ಗೋಡೆ ಕೊರೆಯುವ ಬಗ್ಗೆ ಏನಿದೆ ನೋಡಿಕೊಳ್ಳಿ. ಅಡ್ವಾನ್ಸ್‌ನಲ್ಲಿ ಪೇಂಟಿಂಗ್ ಹಣ ಮುರಿದುಕೊಳ್ಳುವಾಗ ಪ್ರತಿ ತೂತಿಗೂ ಲೆಕ್ಕ ಬರುತ್ತದೆ. ಹೊಸ ದೊಡ್ಡ ಅಪಾರ್ಟ್‌ಮೆಂಟುಗಳಲ್ಲಿ ಹಲವು ಕಡೆ ಗೋಡೆ ಇಟ್ಟಿಗೆಯದ್ದಲ್ಲ, ಅಲ್ಯೂಮಿನಿಯಂ ಅಚ್ಚಿಗೆ ಹೊಯ್ದ ಕಾಂಕ್ರೀಟು. ಮೇಸ್ತ್ರಿಗಳ ಬಾಯಲ್ಲಿ ಅದು ‘ಮೈವಾನ್ ಗೋಡೆ’. ಅದಕ್ಕೆ ಸಾಮಾನ್ಯ ಡ್ರಿಲ್ ಸಾಲದು, ಹ್ಯಾಮರ್ ಡ್ರಿಲ್ ಬೇಕು. ಸ್ವಿಚ್‌ಬೋರ್ಡಿನ ನೇರ ಮೇಲೆ, ನೇರ ಕೆಳಗೆ ಕೊರೆಯಬೇಡಿ, ವೈರಿನ ಪೈಪು ಅಲ್ಲೇ ಹೋಗಿರುತ್ತದೆ. ತೂತೇ ಬೇಡವೆಂದರೆ ಸರೌಂಡ್ ಸ್ಪೀಕರ್‌ಗೆ ನೆಲದ ಸ್ಟ್ಯಾಂಡ್ ಸಾಕು.

ಹೆಜ್ಜೆ 2: ನೀವು ನೋಡುವುದರಲ್ಲಿ 5.1 ಇದೆಯೇ?

ನಿಮ್ಮ ಮನೆಯಲ್ಲಿ ಹೆಚ್ಚು ಓಡುವುದು ಧಾರಾವಾಹಿ, ನ್ಯೂಸ್ ಮತ್ತು ಯೂಟ್ಯೂಬ್ ಆದರೆ ಅದರಲ್ಲಿ ಬಹುಪಾಲು ಸ್ಟೀರಿಯೊ, ಅಂದರೆ ಎಡ, ಬಲ ಎರಡೇ ಸದ್ದು. ಹಿಂದಿನ ಸ್ಪೀಕರ್‌ಗೆ ಅಂತ ಪ್ರತ್ಯೇಕ ಸದ್ದೇ ಅದರಲ್ಲಿ ಇಲ್ಲ. ಆಗ ಒಳ್ಳೆಯ 3.1 ಸೌಂಡ್‌ಬಾರ್ (ಟಿವಿಯ ಕೆಳಗೆ ಇಡುವ ಉದ್ದನೆಯ ಸ್ಪೀಕರ್ ಪಟ್ಟಿ) ತಂದು ನೆಮ್ಮದಿಯಾಗಿರಿ.

ಒಟಿಟಿಯಲ್ಲಿ ಸಿನಿಮಾ ನೋಡುವವರ ಕಥೆ ಬೇರೆ. ನೆಟ್‌ಫ್ಲಿಕ್ಸ್, ಪ್ರೈಮ್ ವಿಡಿಯೊ, ಜಿಯೊಹಾಟ್‌ಸ್ಟಾರ್‌ಗಳಲ್ಲಿ 5.1 ಸದ್ದು ಬರುವುದು ಮುಖ್ಯವಾಗಿ ಡಾಲ್ಬಿ ಡಿಜಿಟಲ್ ಪ್ಲಸ್ ಅನ್ನುವ ಆಡಿಯೊ ಫಾರ್ಮ್ಯಾಟಿನಲ್ಲಿ. ಅಟ್ಮಾಸ್ ಇದ್ದರೆ ಅದೂ ಅದರೊಳಗೇ ಕೂತು ಬರುತ್ತದೆ. ನೆಟ್‌ಫ್ಲಿಕ್ಸ್‌ನಲ್ಲಿ ಅಟ್ಮಾಸ್ ಬೇಕೆಂದರೆ ಪ್ರೀಮಿಯಂ ಪ್ಲಾನ್ ಇರಬೇಕು. ಸಿನಿಮಾ ಶುರು ಮಾಡಿದ ಮೇಲೆ ಆಡಿಯೊ ಮೆನು ತೆರೆದು ನೋಡುವ ಅಭ್ಯಾಸ ಮಾಡಿಕೊಳ್ಳಿ. ಒಂದೇ ಚಿತ್ರಕ್ಕೆ ಒಂದು ಭಾಷೆಯಲ್ಲಿ 5.1 ಇದ್ದು, ಡಬ್ ಆದ ಭಾಷೆಯಲ್ಲಿ ಬರೀ ಸ್ಟೀರಿಯೊ ಇರುವುದುಂಟು. ಕನ್ನಡ ಟ್ರ್ಯಾಕ್ ಹಾಕಿಕೊಂಡು ಹಿಂದಿನ ಸ್ಪೀಕರ್ ಸತ್ತುಹೋಗಿದೆ ಅಂತ ಸರ್ವಿಸ್‌ನವರಿಗೆ ಫೋನು ಮಾಡುವ ಮುನ್ನ ಇದನ್ನು ನೋಡಿ.

ಹೆಜ್ಜೆ 3: ಟಿವಿಯ ಬೆನ್ನು ನೋಡಿ

ಟಿವಿಯ ಎಚ್‌ಡಿಎಂಐ ಪೋರ್ಟುಗಳಲ್ಲಿ ಒಂದರ ಪಕ್ಕ ಆರ್ಕ್ ಅಥವಾ ಇ-ಆರ್ಕ್ ಅಂತ ಬರೆದಿರುತ್ತದೆ. ಟಿವಿಯೊಳಗಿನ ಆ್ಯಪ್‌ಗಳ ಸದ್ದು ಅದೇ ಕೇಬಲ್ಲಿನಲ್ಲಿ ವಾಪಸು ಸ್ಪೀಕರ್‌ಗೆ ಹೋಗುವ ದಾರಿ ಅದು. ಆರ್ಕ್ ಬಂದದ್ದು 2009ರ ಎಚ್‌ಡಿಎಂಐ 1.4ರಲ್ಲಿ, ಇ-ಆರ್ಕ್ ಬಂದದ್ದು 2017ರ 2.1ರಲ್ಲಿ. ‘ಅಟ್ಮಾಸ್‌ಗೆ ಇ-ಆರ್ಕ್ ಇಲ್ಲದೆ ಆಗೋದೇ ಇಲ್ಲ’ ಅಂತ ಹೇಳಿ ಹೊಸ ಟಿವಿ ಮಾರಲು ಬರುವವರನ್ನು ನಂಬಬೇಡಿ. ಡಾಲ್ಬಿ ಡಿಜಿಟಲ್ ಪ್ಲಸ್ ಅನ್ನು ಹೊರಬಿಡುವ ಟಿವಿಯಾದರೆ ಒಟಿಟಿಯ ಅಟ್ಮಾಸ್ ಸಾದಾ ಆರ್ಕ್‌ನಲ್ಲೇ ಹೋಗುತ್ತದೆ. ಇ-ಆರ್ಕ್ ಬೇಕಾಗುವುದು ಬ್ಲೂರೇ ಡಿಸ್ಕಿನ ಟ್ರೂಎಚ್‌ಡಿಯಂಥ ದೊಡ್ಡ ಸಿಗ್ನಲ್‌ಗೆ.

ಹಳೆಯ ಟಿವಿಯಲ್ಲಿ ಆರ್ಕ್ ಇಲ್ಲದಿದ್ದರೆ ಆಪ್ಟಿಕಲ್ ಪೋರ್ಟ್ ಹುಡುಕಿ. ಅದರಲ್ಲಿ ಡಾಲ್ಬಿ ಡಿಜಿಟಲ್ 5.1 ಹೋಗುತ್ತದೆ, ಡಿಜಿಟಲ್ ಪ್ಲಸ್ ಹೋಗುವುದಿಲ್ಲ, ಅಟ್ಮಾಸ್ ಅಂತೂ ಇಲ್ಲ.

ಬ್ಲೂಟೂತ್ ಮಾತ್ರ ಮರೆತುಬಿಡಿ. ಟಿವಿಯಿಂದ ಬ್ಲೂಟೂತ್‌ನಲ್ಲಿ ಸ್ಪೀಕರ್‌ಗೆ ಹೋಗುವುದು ಸ್ಟೀರಿಯೊ, ಅದೂ ತುಸು ತಡವಾಗಿ.

ಹೆಜ್ಜೆ 4: ಬಜೆಟ್ಟಿಗೆ ತಕ್ಕ ಜಾತಿ ಯಾವುದು

ಬೆಲೆಗಳು ದಸರಾ, ದೀಪಾವಳಿ ಸೇಲ್‌ಗಳಲ್ಲಿ ಮೇಲೆ ಕೆಳಗೆ ಕುಣಿಯುವುದರಿಂದ ಇಲ್ಲಿ ಹೇಳುವುದೆಲ್ಲ ಅಂದಾಜು.

ನಾಲ್ಕರಿಂದ ಎಂಟು ಸಾವಿರಕ್ಕೆ ಸಿಗುವ ‘5.1 ಹೋಮ್ ಥಿಯೇಟರ್’ಗಳನ್ನು ಮೊದಲು ಪಕ್ಕಕ್ಕೆ ಇಡೋಣ. ಬಣ್ಣದ ದೀಪ ಮಿನುಗುವ ದೊಡ್ಡ ಡಬ್ಬ, ಐದು ಪುಟ್ಟ ಸ್ಪೀಕರ್, ಯುಎಸ್‌ಬಿ, ಎಫ್‌ಎಂ ಎಲ್ಲ ಇರುತ್ತದೆ. ಇರದೇ ಇರುವುದು ಡಾಲ್ಬಿ ಡಿಕೋಡರ್, ಅಂದರೆ ಡಾಲ್ಬಿ ಸಿಗ್ನಲ್ ಬಿಡಿಸಿ ಒಂದೊಂದು ಸ್ಪೀಕರ್‌ಗೆ ಹಂಚುವ ಭಾಗ. ಅದಿಲ್ಲದ ಪೆಟ್ಟಿಗೆಗೆ 5.1 ಸದ್ದು ತಲುಪಬೇಕೆಂದರೆ ಹಿಂದೆ ಮೂರು ಜೋಡಿ ಅನಲಾಗ್ ಪಿನ್ನಿಗೆ ಆರು ಬೇರೆಬೇರೆ ಸಿಗ್ನಲ್ ಕೊಡಬೇಕು, ಈಗಿನ ಯಾವ ಸ್ಮಾರ್ಟ್ ಟಿವಿಯೂ ಅದನ್ನು ಕೊಡುವುದಿಲ್ಲ. ಹಾಗಾಗಿ ಮುಂದಿನ ಸ್ಟೀರಿಯೊ ಸದ್ದನ್ನೇ ಹಿಂದಕ್ಕೂ ಹಂಚಿ ಕೂಗುತ್ತದೆ. ಮನೆಯಲ್ಲಿ ಬರ್ತ್‌ಡೇ ಹಾಡಿಗೆ ಅಡ್ಡಿಯಿಲ್ಲ. ಸರೌಂಡ್ ಅಂತ ಮಾತ್ರ ಕರೆಯಬೇಡಿ. ಡಬ್ಬದ ಮೇಲೆ ಡಾಲ್ಬಿ ಡಿಜಿಟಲ್ ಅಥವಾ ಡಾಲ್ಬಿ ಆಡಿಯೊ ಗುರುತು ಇದೆಯೇ, ಹಿಂದೆ ಎಚ್‌ಡಿಎಂಐ ಆರ್ಕ್ ಇದೆಯೇ, ಇವೆರಡನ್ನು ನೋಡಿದರೆ ಜಾತಿ ಗೊತ್ತಾಗುತ್ತದೆ.

15ರಿಂದ 30 ಸಾವಿರದಲ್ಲಿ ಬರುವುದು ಸೌಂಡ್‌ಬಾರ್ ಜೊತೆಗೆ ನಿಜವಾದ ಹಿಂದಿನ ಸ್ಪೀಕರ್ ಇರುವ ಸೆಟ್‌ಗಳು. ಫ್ಲ್ಯಾಟಿನವರಲ್ಲಿ ಹೆಚ್ಚಿನವರಿಗೆ ಇದೇ ಸಾಕು ಅನ್ನುವುದು ನನ್ನ ಖಚಿತ ಅಭಿಪ್ರಾಯ. ಉದಾಹರಣೆಗೆ ಸೋನಿಯ ಎಚ್‌ಟಿ-ಎಸ್20ಆರ್ ಸೆಟ್‌ನಲ್ಲಿ ಹಿಂದಿನ ಸ್ಪೀಕರ್‌ಗಳಿಗೆ ವೈರು ಎಳೆಯಬೇಕು. ಅದರ ಅಣ್ಣ ಎಚ್‌ಟಿ-ಎಸ್40ಆರ್‌ನಲ್ಲಿ ಹಿಂದಿನದು ವೈರ್‌ಲೆಸ್. ಆದರೆ ‘ವೈರ್‌ಲೆಸ್’ ಅನ್ನುವುದನ್ನು ಸರಿಯಾಗಿ ಅರ್ಥ ಮಾಡಿಕೊಳ್ಳಿ. ಸೋಫಾದ ಹಿಂದೆ ಒಂದು ಪುಟ್ಟ ಆಂಪ್ಲಿಫೈಯರ್ ಡಬ್ಬಿ ಕೂರುತ್ತದೆ, ಅದಕ್ಕೆ ಕರೆಂಟು ಬೇಕು, ಅದರಿಂದ ಎರಡೂ ಸ್ಪೀಕರ್‌ಗೆ ಮತ್ತೆ ವೈರೇ. ತಪ್ಪುವುದು ಹಾಲ್ ಅಡ್ಡ ಹಾಯುವ ಉದ್ದನೆಯ ವೈರು ಮಾತ್ರ. ಸೋಫಾದ ಹಿಂದೆ ಪ್ಲಗ್ ಪಾಯಿಂಟ್ ಇದೆಯೇ ಅಂತ ಮೊದಲೇ ಕೇಳಿದ್ದು ಇದಕ್ಕೆ. ಇಲ್ಲದಿದ್ದರೆ ಎಕ್ಸ್‌ಟೆನ್ಷನ್ ಬೋರ್ಡು ಎಳೆದು ಒಂದು ವೈರು ತಪ್ಪಿಸಿ ಇನ್ನೊಂದು ವೈರು ತಂದಂತಾಗುತ್ತದೆ.

ಇದೇ ಬೆಲೆಗೆ ಜೀಬ್ರಾನಿಕ್ಸ್, ಬೋಟ್‌ನಂಥ ನಮ್ಮವೇ ಕಂಪನಿಗಳ ಸೆಟ್‌ಗಳೂ ಇವೆ, ಕೆಲವಕ್ಕೆ ಅಟ್ಮಾಸ್ ಬಿರುದೂ ಇದೆ. ಒಂದೊಂದು ಮಾದರಿ ಒಂದೊಂದು ಥರ ಇರುವುದರಿಂದ ಬ್ರ್ಯಾಂಡ್ ನೋಡಿ ತೀರ್ಮಾನಿಸಬೇಡಿ, ಕೇಳಿ ನೋಡಿ. ಬಾರ್‌ನಲ್ಲಿ ಸೆಂಟರ್‌ಗೆ ಪ್ರತ್ಯೇಕ ಡ್ರೈವರ್ (ಸದ್ದು ಹೊರಡಿಸುವ ಕೋನು) ಇದೆಯೇ, ರಿಮೋಟಿನಲ್ಲಿ ಸೆಂಟರ್, ಸಬ್, ಸರೌಂಡ್‌ಗಳ ಮಟ್ಟವನ್ನು ಬೇರೆಬೇರೆ ಏರಿಸಿ ಇಳಿಸಬಹುದೇ ಅನ್ನುವುದು ನನ್ನ ಮಟ್ಟಿಗೆ ಅಟ್ಮಾಸ್ ಲೋಗೊಗಿಂತ ದೊಡ್ಡದು.

45 ಸಾವಿರದಿಂದ ಮೇಲಕ್ಕೆ ಹೋದರೆ ಎವಿಆರ್, ಅಂದರೆ ಎಲ್ಲ ಸ್ಪೀಕರ್‌ಗಳನ್ನೂ ಓಡಿಸುವ ರಿಸೀವರ್, ಮತ್ತು ಬಿಡಿ ಸ್ಪೀಕರ್‌ಗಳ ಲೋಕ. ಯಮಾಹಾದ ಆರ್‌ಎಕ್ಸ್-ವಿ385, ಡೆನನ್‌ನ ಎವಿಆರ್-ಎಕ್ಸ್250ಬಿಟಿ ಥರದ 5.1 ರಿಸೀವರ್‌ಗಳು ಈ ಲೋಕದ ಹೊಸ್ತಿಲು. ಇಲ್ಲಿ ಒಂದೇ ದಿನ ಎಲ್ಲ ಕೊಳ್ಳಬೇಕಾಗಿಲ್ಲ. ಈ ತಿಂಗಳು ರಿಸೀವರ್ ಮತ್ತು ಮುಂದಿನ ಎರಡು ಬುಕ್‌ಶೆಲ್ಫ್ ಸ್ಪೀಕರ್, ಬೋನಸ್ ಬಂದಾಗ ಸೆಂಟರ್, ಆಮೇಲೆ ಸರೌಂಡ್, ಸಬ್. ಒಂದು ಕೆಟ್ಟರೆ ಅದೊಂದನ್ನು ರಿಪೇರಿ ಮಾಡಿಸಿದರಾಯಿತು. ಬಾರ್ ಸೆಟ್‌ನಲ್ಲಿ ಒಂದು ಬೋರ್ಡು ಹೋದರೆ ಉಳಿದದ್ದೆಲ್ಲ ಷೋಕೇಸಿಗೆ. ಸ್ವಂತ ಮನೆ, ಸ್ವಲ್ಪ ತಾಳ್ಮೆ, ವೈರು ಕಂಡರೆ ಮುಖ ಸಿಂಡರಿಸದ ಮನೆಯವರು, ಈ ಮೂರೂ ಇದ್ದರೆ ಈ ದಾರಿ ಹಿಡಿಯಿರಿ. ಎಲ್ಲ ಒಟ್ಟಿಗೇ ಬೇಕೆಂದರೆ ಐದೂ ಸ್ಪೀಕರ್ ಒಂದೇ ಸರಣಿಯದ್ದಾಗಿರಲಿ, ಅದರಲ್ಲೂ ಮುಂದಿನ ಮೂರು. ಇಲ್ಲವಾದರೆ ಕಾರು ಎಡದಿಂದ ಬಲಕ್ಕೆ ಹೋಗುವಾಗ ನಡುದಾರಿಯಲ್ಲಿ ಇಂಜಿನ್ನೇ ಬದಲಾದಂತೆ ಕೇಳುತ್ತದೆ.

ಅಟ್ಮಾಸ್ ಬಗ್ಗೆ ಒಂದು ಮಾತು. ಮೇಲ್ಮುಖದ ಸ್ಪೀಕರ್‌ಗಳು ಸದ್ದನ್ನು ಸೀಲಿಂಗಿಗೆ ಹೊಡೆದು ಕೆಳಕ್ಕೆ ಪುಟಿಸುತ್ತವೆ. ಅದಕ್ಕೆ ಸೀಲಿಂಗು ಚಪ್ಪಟೆಯಾಗಿ, ಗಟ್ಟಿಯಾಗಿರಬೇಕು. ನಮ್ಮ ಫ್ಲ್ಯಾಟುಗಳ ಒಂಬತ್ತು ಒಂಬತ್ತೂವರೆ ಅಡಿ ಎತ್ತರ ಅದಕ್ಕೆ ಸರಿಯಾಗೇ ಇದೆ. ಕೆಡುವುದು ಇಂಟೀರಿಯರ್‌ನವರು ಮೂರು ಹಂತದಲ್ಲಿ ಇಳಿಬಿಟ್ಟ ಜಿಪ್ಸಂ ಮೆಟ್ಟಿಲು, ಅದರೊಳಗಿನ ದೀಪದ ಗೂಡು, ನಡುವಿನ ಫ್ಯಾನುಗಳಿಂದ. ಅಂಥ ಸೀಲಿಂಗು ಇದ್ದರೆ ಆ ಹಣವನ್ನು ಒಳ್ಳೆಯ 5.1ಕ್ಕೇ ಹಾಕಿ.

ಹೆಜ್ಜೆ 5: ವ್ಯಾಟಿನ ಲೆಕ್ಕ

ಪಿಎಂಪಿಒ, ಅಂದರೆ ಕ್ಷಣಮಾತ್ರದ ಗರಿಷ್ಠ ವ್ಯಾಟು, ಅಂತ ಬರೆದಿದ್ದರೆ ಆ ಅಂಕಿಯನ್ನು ಓದಲೇಬೇಡಿ. ಆರ್‌ಎಂಎಸ್ (ಸತತ ಓಡುವಾಗಿನ ವ್ಯಾಟು) ಅಂತ ಇದ್ದರೂ ಯಾವ ಷರತ್ತಿನಲ್ಲಿ ಅಳೆದದ್ದು ನೋಡಿ. 600 ವ್ಯಾಟ್ ಅಂತ ಡಬ್ಬದ ಮೇಲಿರುವ ಬಾರ್‌ಗಿಂತ ಚಾನೆಲ್ಲಿಗೆ 70 ವ್ಯಾಟ್ ಅಂತ ಹೇಳಿಕೊಳ್ಳುವ ರಿಸೀವರ್ ಗಟ್ಟಿಯಾಗಿರಬಹುದು. ಆ 70 ಕೂಡ ಎರಡೇ ಚಾನೆಲ್ ಓಡುವಾಗ ಅಳೆದದ್ದು.

ನಿಜವಾಗಿ ಎಷ್ಟು ಬೇಕು? 88 ಡೆಸಿಬಲ್ ಸೆನ್ಸಿಟಿವಿಟಿಯ ಸ್ಪೀಕರ್ ಒಂದು ವ್ಯಾಟಿಗೆ ಒಂದು ಮೀಟರ್ ದೂರದಲ್ಲಿ 88 ಡೆಸಿಬಲ್ ಕೊಡುತ್ತದೆ. ಎಂಟಡಿ ದೂರದ ಸೋಫಾಕ್ಕೆ ಬರುವಷ್ಟರಲ್ಲಿ ಅದು 80ರ ಆಸುಪಾಸು. 80 ಡೆಸಿಬಲ್ ಅಂದರೆ ಮನೆಯಲ್ಲಿ ಯಾರಾದರೂ ‘ಸ್ವಲ್ಪ ಕಮ್ಮಿ ಮಾಡ್ರೀ’ ಅನ್ನುವ ಮಟ್ಟ. ಅದಕ್ಕೆ ಖರ್ಚಾದದ್ದು ಒಂದು ವ್ಯಾಟು! ಸ್ಫೋಟ, ಡೋಲಿನ ಪೆಟ್ಟುಗಳಿಗೆ ಒಂದು ಕ್ಷಣ ಅದರ ಹತ್ತಾರು ಪಟ್ಟು ಬೇಕಾಗುತ್ತದೆ, ಅಷ್ಟೇ. ವ್ಯಾಟು ಎರಡು ಪಟ್ಟಾದರೆ ಏರುವುದು ಮೂರೇ ಡೆಸಿಬಲ್, ಕಿವಿಗೆ ಅದು ‘ಸ್ವಲ್ಪ ಜಾಸ್ತಿ’. ಹೀಗಿರುವಾಗ 400ಕ್ಕೂ 600ಕ್ಕೂ ಇರುವ ಅಂತರಕ್ಕೆ ಹತ್ತು ಸಾವಿರ ಹೆಚ್ಚು ಕೊಡುವುದರಲ್ಲಿ ಅರ್ಥವಿಲ್ಲ. ಆ ಹಣ ಬೇರೆ ಅನುಕೂಲಕ್ಕೆ ಹೋಗುತ್ತಿದ್ದರೆ ಸರಿ.

ಹೆಜ್ಜೆ 6: ಅಂಗಡಿಯಲ್ಲಿ

ಕ್ರೋಮಾ, ರಿಲಯನ್ಸ್ ಡಿಜಿಟಲ್, ಪೈ ಇಂಟರ್‌ನ್ಯಾಷನಲ್, ಗಿರಿಯಾಸ್‌ನಂಥ ಮಳಿಗೆಗಳಲ್ಲಿ ಸೌಂಡ್‌ಬಾರ್ ಸೆಟ್‌ಗಳನ್ನು ಕೇಳಬಹುದು, ವಿನಿಮಯ, ಕಂತು ಸಿಗುತ್ತದೆ. ಎವಿಆರ್ ದಾರಿ ಹಿಡಿದವರು ಡೆಮೊ ರೂಮ್ ಇರುವ ಆಡಿಯೊ ಮಳಿಗೆಗೇ ಹೋಗಬೇಕು, ಮೊದಲೇ ಫೋನು ಮಾಡಿ ಸಮಯ ತೆಗೆದುಕೊಂಡು, ವಾರದ ದಿನ. ಸ್ಪೀಕರ್ ವೈರು, ವೈರಿನ ತುದಿಗೆ ಹಾಕುವ ಬನಾನಾ ಪ್ಲಗ್, ಕೇಬಲ್ ಪಟ್ಟಿ, ಸ್ಟ್ಯಾಂಡುಗಳಿಗೆ ಎಸ್‌ಪಿ ರೋಡಿಗಿಂತ ಬೇರೆ ಜಾಗ ಬೇಡ. ಮಾಲ್‌ನಲ್ಲಿ ಹೊಳೆಯುವ ಪೊಟ್ಟಣದಲ್ಲಿ ಮಾರುವ ಎಚ್‌ಡಿಎಂಐ ಕೇಬಲ್ಲಿನ ಬೆಲೆ ನೋಡಿ ಅಲ್ಲಿಗೆ ಹೋದರೆ ಖುಷಿಯಾಗುತ್ತದೆ.

ವೈರು ಕೊಳ್ಳುವಾಗ ತುದಿಯನ್ನು ಬ್ಲೇಡಿನಿಂದ ಕೆರೆದು ನೋಡಿ. ಮೇಲೆ ತಾಮ್ರದ ಬಣ್ಣ, ಒಳಗೆ ಬೆಳ್ಳಿಯಂತೆ ಬಿಳುಪು ಕಂಡರೆ ಅದು ತಾಮ್ರದ ಲೇಪವಿರುವ ಅಲ್ಯೂಮಿನಿಯಂ. ಪೂರ್ತಿ ತಾಮ್ರದ 16 ಗೇಜ್ ವೈರು ನಮ್ಮ ಹಾಲ್‌ಗಳ ದೂರಕ್ಕೆ ಧಾರಾಳ. ಮೀಟರಿಗೆ ಸಾವಿರಾರು ರೂಪಾಯಿಯ ವೈರಿನ ಮಹಿಮೆ ಹೇಳುವವರಿಗೆ ಕೈ ಮುಗಿದು ಹೊರಡಿ.

ಕೇಳುವ ಕ್ರಮ ಹೀಗಿರಲಿ. ಅಂಗಡಿಯವರು ಹಾಕುವ ಡೆಮೊದಲ್ಲಿ ಎಲ್ಲ ಸ್ಪೀಕರೂ ಚೆನ್ನಾಗೇ ಕೇಳುತ್ತವೆ, ಆ ತುಣುಕನ್ನು ಆಯ್ದಿರುವುದೇ ಅದಕ್ಕೆ. ನೀವು ಚೆನ್ನಾಗಿ ಬಲ್ಲ ಒಂದು ಕನ್ನಡ ಚಿತ್ರದ, ಮಳೆಯಲ್ಲೋ ಸಂತೆಯಲ್ಲೋ ಇಬ್ಬರು ಮೆಲ್ಲಗೆ ಮಾತಾಡುವ ದೃಶ್ಯ ಹಾಕಿಸಿ. ವಾಲ್ಯೂಮನ್ನು ಮನೆಯಲ್ಲಿ ರಾತ್ರಿ ಇಡುವಷ್ಟಕ್ಕೆ ಇಳಿಸಿ. ಒಂದೊಂದು ಪದವೂ ಬಿಡಿಬಿಡಿಯಾಗಿ ಕಿವಿಗೆ ಬೀಳುತ್ತಿದೆಯೇ? ಆಮೇಲೆ ಗಂಡಸಿನ ದಪ್ಪ ದನಿ ಬಂದಾಗ ಆ ದನಿ ಬಾರ್‌ನಿಂದ ಬರುತ್ತಿದೆಯೋ ಅರ್ಧ ಸಬ್‌ವೂಫರ್‌ನಿಂದ ಬರುತ್ತಿದೆಯೋ ಗಮನಿಸಿ. ತೀರಾ ಪುಟ್ಟ ಸ್ಪೀಕರ್‌ಗಳ ಸೆಟ್‌ನಲ್ಲಿ ಸಬ್ 150 ಹರ್ಟ್ಸ್‌ವರೆಗೂ ದುಡಿಯಬೇಕಾಗುತ್ತದೆ, ಆಗ ಅದು ಇರುವ ಮೂಲೆಯಿಂದಲೇ ಖಳನಾಯಕ ಮಾತಾಡಿದಂತೆ ಕೇಳುತ್ತದೆ.

ನ್ಯಾಷನಲ್ ಮಾರ್ಕೆಟ್ಟಿನಂಥ ಕಡೆ ಕಡಿಮೆ ಬೆಲೆಗೆ ‘ಇಂಪೋರ್ಟೆಡ್ ಪೀಸ್’ ಸಿಕ್ಕಾಗ ಹಿಂಭಾಗದ ಚೀಟಿ ಓದಿ. ಅಮೆರಿಕದ ಮಾಲಾದರೆ 120 ವೋಲ್ಟ್ ಅಂತಿರುತ್ತದೆ. ನಮ್ಮ 230ಕ್ಕೆ ನೇರ ಚುಚ್ಚಿದರೆ ಅಲ್ಲಿಗೆ ಮುಗಿಯಿತು. ಬಿಲ್ಲಿಲ್ಲದ ಮಾಲಿಗೆ ವಾರಂಟಿಯೂ ಇಲ್ಲ. ಸೆಕೆಂಡ್ ಹ್ಯಾಂಡ್ ಎವಿಆರ್ ಮಾತ್ರ ನನಗೆ ಇಷ್ಟದ ದಾರಿ. ಊರು ಬಿಟ್ಟು ಹೊರಡುವ ಐಟಿಯವರು ಈ ಊರಿನಲ್ಲಿ ಯಾವಾಗಲೂ ಇರುತ್ತಾರೆ, ಅವರು ಸ್ಪೀಕರನ್ನು ಹೊತ್ತುಕೊಂಡು ಹೋಗುವುದು ಅಪರೂಪ. ನೋಡಲು ಹೋದಾಗ ಪ್ರತಿ ಎಚ್‌ಡಿಎಂಐ ಪೋರ್ಟಿಗೂ ಕೇಬಲ್ ಚುಚ್ಚಿ ನೋಡಿ, ಐದೂ ಚಾನೆಲ್ಲಿಗೆ ಟೆಸ್ಟ್ ಟೋನ್ ಹಾಕಿಸಿ, ಅರ್ಧ ಗಂಟೆ ಓಡಿಸಿ. ಹಳೆಯ ಸ್ಪೀಕರ್ ಆದರೆ ಕೋನಿನ ಅಂಚನ್ನು ಬೆರಳಿನಿಂದ ಮೆಲ್ಲಗೆ ಮುಟ್ಟಿ. ಫೋಮ್ ಅಂಚು ಪುಡಿಪುಡಿಯಾಗಿ ಉದುರಿದರೆ ಬೆಲೆ ಇಳಿಸಿ ಅಥವಾ ಎದ್ದು ಬನ್ನಿ. ರಬ್ಬರ್ ಅಂಚಿನದು ಬಾಳಿಕೆ ಬರುತ್ತದೆ.

ಹೆಜ್ಜೆ 7: ಐದು ಸ್ಪೀಕರ್‌ಗಳ ಜಾಗ

ಮುಂದಿನ ಎರಡು, ನಿಮ್ಮ ಆಸನದಿಂದ ನೋಡಿದಾಗ ಟಿವಿಯ ನಡುವಿನಿಂದ ಎಡಕ್ಕೆ ಬಲಕ್ಕೆ 22ರಿಂದ 30 ಡಿಗ್ರಿ. ಎಂಟಡಿ ದೂರ ಕೂರುವವರಿಗೆ ಅವೆರಡರ ನಡುವೆ ಆರೂವರೆಯಿಂದ ಒಂಬತ್ತಡಿ ಅಂತರ ಬರುತ್ತದೆ. ಕಿರಿದಾದ ಟಿವಿ ಯೂನಿಟ್‌ನ ಗೂಡಿನೊಳಗೆ ತುರುಕಬೇಡಿ, ಸಿಕ್ಕಷ್ಟು ಹೊರಗೆ ತನ್ನಿ, ಟ್ವೀಟರ್ (ಹೆಚ್ಚು ಸ್ಥಾಯಿಯ ಸದ್ದಿನ ಪುಟ್ಟ ಕೋನು) ಕಿವಿಯ ಎತ್ತರಕ್ಕೆ ಇರಲಿ. ಸೆಂಟರ್ ಸ್ಪೀಕರ್ ಟಿವಿಯ ಕೆಳಗೆ, ಶೆಲ್ಫಿನ ಅಂಚಿಗೆ ತಂದು, ಮೂತಿ ತುಸು ಮೇಲಕ್ಕೆ ಎತ್ತಿ ನಿಮ್ಮ ಮುಖದ ಕಡೆ ತಿರುಗಿಸಿ. ಅಡಿಗೆ ಎರಡು ರಬ್ಬರ್ ತುಂಡು ಇಟ್ಟರೂ ಸಾಕು. ಎರಡಂಗುಲ ಹಿಂದೆ ಸರಿದರೆ ಶೆಲ್ಫಿನ ಹಲಗೆಯೇ ಮಾತನ್ನು ಮಂಕು ಮಾಡುತ್ತದೆ. ಸೌಂಡ್‌ಬಾರ್‌ಗೂ ಇದೇ ನಿಯಮ, ಅದರ ಮುಂದೆ ಗಣಪತಿ ವಿಗ್ರಹ, ಹೂಕುಂಡ ಇಡಬೇಡಿ.

ಸರೌಂಡ್‌ಗಳ ಕೋನ ಆಗಲೇ ಹೇಳಿದೆ. ಎತ್ತರ, ಕೂತವರ ಕಿವಿಗಿಂತ ಒಂದರಿಂದ ಎರಡಡಿ ಮೇಲೆ, ಆಗ ಪಕ್ಕದಲ್ಲಿ ಕೂತವರ ತಲೆ ಅಡ್ಡ ಬರುವುದಿಲ್ಲ. ಒಂದು ಪಕ್ಕ ಗೋಡೆ, ಇನ್ನೊಂದು ಪಕ್ಕ ಡೈನಿಂಗ್ ಇರುವ ಹಾಲ್‌ನಲ್ಲಿ ಗೋಡೆಯ ಕಡೆಯದನ್ನು ಗೋಡೆಗೆ, ತೆರೆದ ಕಡೆಯದನ್ನು ಸ್ಟ್ಯಾಂಡಿಗೆ ಹಾಕಿ, ಎರಡರ ಎತ್ತರ ಒಂದೇ ಇರಲಿ. ವೈರನ್ನು ಸ್ಕರ್ಟಿಂಗ್ ಟೈಲ್ಸಿನ ಮೇಲಂಚಿಗೆ ಅಂಟುಪಟ್ಟಿಯ ಪಿವಿಸಿ ಕೇಸಿಂಗಿನಲ್ಲಿ ಓಡಿಸಿದರೆ ಕಾಣುವುದೂ ಇಲ್ಲ, ಮನೆ ಬಿಡುವಾಗ ಕಿತ್ತುಕೊಂಡೂ ಹೋಗಬಹುದು. ಕೆಂಪು ತುದಿ ಎರಡೂ ಕಡೆ ಕೆಂಪಿಗೇ ಹೋಗಲಿ. ಒಂದು ಸ್ಪೀಕರ್‌ಗೆ ತಿರುಗುಮುರುಗಾದರೂ ಬಾಸ್ ಮಾಯವಾಗಿ, ಸದ್ದು ಎಲ್ಲಿಂದ ಬರುತ್ತಿದೆ ಅನ್ನುವುದೇ ತಿಳಿಯದಂತಾಗುತ್ತದೆ.

ಹೆಜ್ಜೆ 8: ಸಬ್‌ವೂಫರ್, ಎಲ್ಲ ಜಗಳದ ಮೂಲ

ಅಪಾರ್ಟ್‌ಮೆಂಟಿನಲ್ಲಿ ನಿಮ್ಮ ಮೇಲೆ ದೂರು ಬಂದರೆ ಅದು ಡೈಲಾಗಿನಿಂದ ಬರುವುದಿಲ್ಲ. ಗೋಡೆ ಹೆಚ್ಚು ಸ್ಥಾಯಿಯ ಸದ್ದನ್ನು ಚೆನ್ನಾಗಿ ತಡೆಯುತ್ತದೆ, ಕೆಳ ಸ್ಥಾಯಿಯದನ್ನು ಅಷ್ಟಾಗಿ ತಡೆಯುವುದಿಲ್ಲ. ಅದರ ಜೊತೆಗೆ ಸಬ್‌ವೂಫರ್ ಡಬ್ಬ ನೆಲವನ್ನು ನೇರವಾಗಿ ಅಲ್ಲಾಡಿಸುತ್ತದೆ, ನಿಮ್ಮ ನೆಲವೇ ಕೆಳಗಿನವರ ಸೀಲಿಂಗು.

ಅದಕ್ಕೇ ಎಂಟು ಇಂಚಿನ ಸಬ್ ಸಾಕು. ಹನ್ನೆರಡು ಇಂಚಿನದು ಸ್ವಂತ ಮನೆಯವರ ವೈಭವ. ಸಾಧ್ಯವಾದರೆ ತೂತಿಲ್ಲದ ಮುಚ್ಚಿದ ಡಬ್ಬದ್ದನ್ನು ಆರಿಸಿ, ಅದರ ಬಾಸ್ ಬಿಗಿಯಾಗಿರುತ್ತದೆ. ಡ್ರೈವರ್ ನೆಲಕ್ಕೆ ಮುಖ ಮಾಡಿರುವುದಕ್ಕಿಂತ ಮುಂದಕ್ಕೆ ಮುಖ ಮಾಡಿರುವುದನ್ನು ನಾನು ಆರಿಸುತ್ತೇನೆ. ಅಡಿಗೆ ದಪ್ಪ ಫೋಮ್ ಅಥವಾ ರಬ್ಬರ್ ಪ್ಯಾಡ್ ಹಾಕಿ. ಅದು ನೆಲಕ್ಕೆ ಇಳಿಯುವ ಅದುರನ್ನು ಕಡಿಮೆ ಮಾಡುತ್ತದೆ, ಗಾಳಿಯಲ್ಲಿ ಹೋಗುವ ಬಾಸನ್ನಲ್ಲ. ‘ಪ್ಯಾಡ್ ಹಾಕಿದ್ದೀನಲ್ಲ’ ಅಂತ ವಾಲ್ಯೂಮ್ ಏರಿಸುವುದಕ್ಕೆ ಅದು ಪರವಾನಗಿಯಲ್ಲ.

ಜಾಗದ ವಿಷಯಕ್ಕೆ ಬಂದರೆ, 16 ಅಡಿ ಉದ್ದದ ಹಾಲ್ ಸುಮಾರು 35 ಹರ್ಟ್ಸ್‌ನಲ್ಲೂ 11 ಅಡಿ ಅಗಲ ಸುಮಾರು 51 ಹರ್ಟ್ಸ್‌ನಲ್ಲೂ ತಾನಾಗಿ ಅನುರಣಿಸುತ್ತದೆ. ಆ ಸ್ವರ ಬಂದಾಗ ಒಂದು ಕಡೆ ಕೂತವರಿಗೆ ಗುಡುಗು, ಇನ್ನೊಂದು ಕಡೆ ಕೂತವರಿಗೆ ಏನೂ ಇಲ್ಲ. ಇದಕ್ಕೆ ಹಳೆಯ, ನಗೆ ತರಿಸುವ, ಆದರೆ ಕೆಲಸ ಮಾಡುವ ಉಪಾಯ ಒಂದಿದೆ. ಸಬ್ಬನ್ನು ಎತ್ತಿ ನೀವು ಕೂರುವ ಸೋಫಾದ ಮೇಲೆ ಇಡಿ. ಬಾಸ್ ಒಂದೇ ಸಮ ನಡೆಯುವ ಹಾಡು ಹಾಕಿ. ಈಗ ಸಬ್ ಇಡಲು ಸಾಧ್ಯವಿರುವ ಜಾಗಗಳಲ್ಲೆಲ್ಲ, ಟಿವಿ ಯೂನಿಟ್ ಪಕ್ಕ, ಬಾಲ್ಕನಿ ಬಾಗಿಲ ಬಳಿ, ಮೂಲೆಯಲ್ಲಿ, ಮಂಡಿಯೂರಿ ಕಿವಿಯನ್ನು ನೆಲದ ಹತ್ತಿರ ತಂದು ಕೇಳುತ್ತಾ ಸಾಗಿ. ಎಲ್ಲಿ ಎಲ್ಲ ಸ್ವರವೂ ಹೆಚ್ಚುಕಮ್ಮಿ ಒಂದೇ ಮಟ್ಟದಲ್ಲಿ ಕೇಳುತ್ತದೋ ಸಬ್ ಅಲ್ಲಿಗೆ. ಮೂಲೆಯಲ್ಲಿ ಬಾಸ್ ಜಾಸ್ತಿ ಕೇಳುತ್ತದೆ, ಒಳ್ಳೆಯದು ಅಂತಲ್ಲ. ಪಕ್ಕದ ಮನೆಯ ಬೆಡ್‌ರೂಮ್ ಅಂಟಿಕೊಂಡ ಗೋಡೆಯಾದರೆ ಅಲ್ಲಿ ಇಡಲೇಬೇಡಿ.

ಜಾಗ ಗೊತ್ತಾದ ಮೇಲೆ 20ರಿಂದ 100 ಹರ್ಟ್ಸ್‌ವರೆಗೆ ಮೆಲ್ಲನೆ ಏರುವ ಟೆಸ್ಟ್ ಟೋನ್ ಹಾಕಿ ಮನೆಯೆಲ್ಲ ಓಡಾಡಿ. ನಲವತ್ತರ ಆಸುಪಾಸಿನಲ್ಲಿ ಷೋಕೇಸಿನ ಗಾಜು ಗಿರ್ ಅನ್ನುತ್ತದೆ, ದಸರಾ ಗೊಂಬೆಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಅನ್ನುತ್ತವೆ, ಅಡುಗೆಮನೆಯ ತಟ್ಟೆ ಸ್ಟ್ಯಾಂಡಿನಲ್ಲಿ ಒಂದೇ ಒಂದು ಸ್ಟೀಲ್ ತಟ್ಟೆ ತಾಳ ಹಾಕುತ್ತದೆ, ಸೊಳ್ಳೆ ಪರದೆಯ ಸ್ಲೈಡಿಂಗ್ ಫ್ರೇಮು ತನ್ನ ಹಳಿಯಲ್ಲಿ ನಡುಗುತ್ತದೆ. ಸ್ಪೀಕರ್ ‘ಒಡೆದು ಹೋಗಿದೆ’ ಅಂತ ವಾಪಸು ಹೋಗುವ ಎಷ್ಟೋ ಸೆಟ್‌ಗಳ ದೋಷ ಇಂಥ ಗಾಜಿನಲ್ಲೋ ತಟ್ಟೆಯಲ್ಲೋ ಇರುತ್ತದೆ. ಗಾಜಿನ ಅಂಚಿಗೆ ಫೆಲ್ಟ್ ತುಂಡು, ಫ್ರೇಮಿಗೆ ಒಂದು ರಬ್ಬರ್ ಬೀಡಿಂಗ್, ಮುಗಿಯಿತು.

ಹೆಜ್ಜೆ 9: ಸೆಟ್ಟಿಂಗ್

ಮೊದಲು ಟಿವಿ. ಸೌಂಡ್ ಔಟ್‌ಪುಟ್‌ನಲ್ಲಿ ಎಚ್‌ಡಿಎಂಐ ಆರ್ಕ್ ಆರಿಸಿ, ಡಿಜಿಟಲ್ ಆಡಿಯೊ ಫಾರ್ಮ್ಯಾಟನ್ನು ಪಿಸಿಎಂನಿಂದ ಆಟೊ ಅಥವಾ ಪಾಸ್‌ಥ್ರೂಗೆ ಬದಲಿಸಿ. ಪಿಸಿಎಂನಲ್ಲೇ ಉಳಿದರೆ ಸಾದಾ ಆರ್ಕ್‌ನಲ್ಲಿ ಹೋಗುವುದು ಎರಡೇ ಚಾನೆಲ್. ಐದು ಸ್ಪೀಕರ್ ಕೊಂಡು ತಿಂಗಳುಗಟ್ಟಲೆ ಸ್ಟೀರಿಯೊ ಕೇಳಿದವರನ್ನು ಬೇಕಾದಷ್ಟು ನೋಡಿದ್ದೇನೆ. ಫೈರ್ ಟಿವಿಯಂಥ ಸ್ಟಿಕ್ ಬಳಸುವವರು ಅದರ ಸೆಟ್ಟಿಂಗನ್ನೂ ನೋಡಬೇಕು. ಸಿಇಸಿ ಆನ್ ಮಾಡಿದರೆ ಟಿವಿ ರಿಮೋಟಿನಲ್ಲೇ ವಾಲ್ಯೂಮ್ ಆಡುತ್ತದೆ. ಮನೆಯ ಹಿರಿಯರಿಗೆ ಎರಡು ರಿಮೋಟಿನ ಕಾಟ ತಪ್ಪುತ್ತದೆ.

ಬಹಳಷ್ಟು ಎವಿಆರ್‌ಗಳು ಮೈಕಿನಿಂದ ಹಾಲ್‌ನ ಸದ್ದು ಅಳೆದು ಸ್ಪೀಕರ್‌ಗಳನ್ನು ತಾವೇ ಹೊಂದಿಸಿಕೊಳ್ಳುತ್ತವೆ, ಯಮಾಹಾದಲ್ಲಿ ಈ ಏರ್ಪಾಡಿಗೆ ವೈಪಿಎಒ, ಡೆನನ್‌ನ ಬಹಳಷ್ಟು ಮಾದರಿಗಳಲ್ಲಿ ‘ಆಡಿಸಿ’ ಅಂತ ಹೆಸರು. ಜೊತೆಗೆ ಬಂದ ಮೈಕನ್ನು ಸೋಫಾದ ಕುಷನ್ ಮೇಲೆ ಇಡದೆ ಕ್ಯಾಮೆರಾ ಸ್ಟ್ಯಾಂಡಿಗೆ ಕಟ್ಟಿ ಕಿವಿಯ ಎತ್ತರಕ್ಕೆ ತನ್ನಿ. ಫ್ಯಾನು ಆಫ್, ಕಿಟಕಿ ಬಂದ್. ಟೋನ್‌ಗಳು ಜೋರಾಗಿರುತ್ತವೆ, ಆದ್ದರಿಂದ ಬೆಳಗಿನ ಜಾವ ಬೇಡ. ಕುಕ್ಕರ್ ಸೀಟಿ, ವಾಟರ್ ಟ್ಯಾಂಕರಿನ ಮೋಟಾರು ಎರಡೂ ಇಲ್ಲದ ಮಧ್ಯಾಹ್ನದ ಹೊತ್ತು ಆರಿಸಿ. ಮುಗಿದ ಮೇಲೆ ಅದು ಬರೆದದ್ದನ್ನು ಒಮ್ಮೆ ಓದಿ. ಬುಕ್‌ಶೆಲ್ಫ್ ಸ್ಪೀಕರ್‌ಗಳನ್ನು ‘ಲಾರ್ಜ್’ ಅಂತ ಗುರುತಿಸಿದ್ದರೆ ‘ಸ್ಮಾಲ್’ ಮಾಡಿ ಕ್ರಾಸ್‌ಓವರ್ (ಯಾವ ಸ್ವರದಿಂದ ಕೆಳಗಿನದು ಸಬ್ಬಿಗೆ ಹೋಗಬೇಕು ಅನ್ನುವ ಗಡಿ) 80 ಹರ್ಟ್ಸ್‌ಗೆ ಇಡಿ, ಸ್ಪೀಕರ್ ಪುಟ್ಟದಾದರೆ 100 ಅಥವಾ 120. ಸಬ್ಬಿನ ಹಿಂದಿನ ಕ್ರಾಸ್‌ಓವರ್ ಗುಂಡಿಯನ್ನು ಅತಿ ಹೆಚ್ಚಿನ ಅಂಕಿಗೆ ತಿರುಗಿಸಿಡಿ, ಆ ಕೆಲಸ ಈಗ ರಿಸೀವರಿನದು. ಫೇಸ್ ಸ್ವಿಚ್ಚನ್ನು 0 ಮತ್ತು 180ರ ನಡುವೆ ಬದಲಿಸಿ, ನಿಮ್ಮ ಆಸನದಲ್ಲಿ ಬಾಸ್ ಯಾವುದರಲ್ಲಿ ತುಂಬಿ ಕೇಳುತ್ತದೋ ಅದನ್ನು ಉಳಿಸಿ.

ಬಾರ್ ಸೆಟ್‌ನವರು ಕಿವಿಯಿಂದಲೇ ಹೊಂದಿಸಬೇಕು. ಸರೌಂಡ್ ಮಟ್ಟ, ಹಿಂದೆ ಸ್ಪೀಕರ್ ಇದೆ ಅನ್ನುವುದು ಸದಾ ನೆನಪಾಗುತ್ತಿದ್ದರೆ ಜಾಸ್ತಿಯಾಗಿದೆ ಅಂತ ಅರ್ಥ. ತುಟಿ ಒಂದು ಕಡೆ ಮಾತು ಒಂದು ಕಡೆ ಆದರೆ ಆಡಿಯೊ ಡಿಲೇ ಅನ್ನುವ ಆಯ್ಕೆ ಹುಡುಕಿ.

ಕರೆಂಟಿಗೆ ಒಂದು ಒಳ್ಳೆಯ ಸ್ಪೈಕ್ ಗಾರ್ಡ್ ಹಾಕಿ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆ ಶುರುವಾದರೆ ಪ್ಲಗ್ಗನ್ನೂ ಕೇಬಲ್ ಟಿವಿ ವೈರನ್ನೂ ಕಿತ್ತಿಡುವುದೇ ಕ್ಷೇಮ.

ಹೆಜ್ಜೆ 10: ನೆರೆಯವರೊಂದಿಗೆ ವಾಲ್ಯೂಮ್ ಗೊತ್ತು ಮಾಡಿ

2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದ ಮಿತಿ ಹಗಲು 55 ಡೆಸಿಬಲ್, ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ 45. ಖಾಸಗಿ ಸೌಂಡ್ ಸಿಸ್ಟಮ್ಮಿನ ಸದ್ದು ನಿಮ್ಮ ಜಾಗದ ಗಡಿಯಲ್ಲಿ ಈ ಮಟ್ಟಕ್ಕಿಂತ 5 ಡೆಸಿಬಲ್‌ಗಿಂತ ಹೆಚ್ಚು ಮೇಲೆ ಹೋಗುವಂತಿಲ್ಲ. ಅಪಾರ್ಟ್‌ಮೆಂಟಿನಲ್ಲಿ ಗಡಿ ಅಂದರೆ ಪಕ್ಕದವರ ಗೋಡೆ ಅಂತ ನಾನು ಅರ್ಥ ಮಾಡಿಕೊಂಡಿದ್ದೇನೆ. ಆದರೆ ಮೀಟರು ಹಿಡಿದು ವಾದಿಸಿ ಗೆದ್ದವರಿಲ್ಲ, ಅಸೋಸಿಯೇಷನ್ ಗ್ರೂಪಿನಲ್ಲಿ ಅಂತೂ ಇಲ್ಲವೇ ಇಲ್ಲ.

ಸೆಟ್ ಕೂರಿಸಿದ ವಾರದಲ್ಲೇ ಕೆಳಗಿನವರ ಬಾಗಿಲು ತಟ್ಟಿ, ಹತ್ತು ನಿಮಿಷ ಪರೀಕ್ಷೆಗೆ ಕೇಳಿಕೊಳ್ಳಿ. ಮನೆಯವರೊಬ್ಬರು ಮೇಲೆ ಅಬ್ಬರದ ದೃಶ್ಯ ಹಾಕಲಿ, ನೀವು ಕೆಳಗಿನ ಬೆಡ್‌ರೂಮಿನಲ್ಲಿ ಫೋನು ಹಿಡಿದು ನಿಂತು ‘ಇಳಿಸು, ಇನ್ನೂ ಇಳಿಸು’ ಅನ್ನಿ. ಬಾಸ್ ಕೇಳಿಸದೇ ಹೋದ ಕ್ಷಣದ ವಾಲ್ಯೂಮ್ ಅಂಕಿ, ಸಬ್ಬಿನ ಮಟ್ಟ ಎರಡನ್ನೂ ಬರೆದಿಟ್ಟುಕೊಳ್ಳಿ. ಹತ್ತು ಗಂಟೆಯ ನಂತರದ ನಿಮ್ಮ ಮಿತಿ ಅದೇ. ಆ ಹೊತ್ತಿಗೆ ನೈಟ್ ಮೋಡ್ ಅಥವಾ ಡಿಆರ್‌ಸಿ ಆನ್ ಮಾಡಿ, ಅದು ಪಿಸುಮಾತನ್ನು ಏರಿಸಿ ಸ್ಫೋಟವನ್ನು ತಗ್ಗಿಸುತ್ತದೆ. ಸೆಂಟರನ್ನು ಎರಡು ಡೆಸಿಬಲ್ ಏರಿಸಿ, ಸಬ್ಬನ್ನು ಆರು ಇಳಿಸಿ. ರಿಸೀವರಿನಲ್ಲಿ ಸೀನ್ ಗುಂಡಿ ಇದ್ದು ಅದು ಈ ಮಟ್ಟಗಳನ್ನು ನೆನಪಿಟ್ಟುಕೊಳ್ಳುವಂಥದ್ದಾದರೆ ಈ ಹೊಂದಿಕೆಯನ್ನು ಒಂದಕ್ಕೆ ಉಳಿಸಿ, ಹಗಲಿನದನ್ನು ಇನ್ನೊಂದಕ್ಕೆ.